ಟಿವಿ ಮುಂದೆ ಕೈ ಬೀಸಿದರೆ ಲಕ್ವ ವಾಸಿಯಾಗುತ್ತದೆಯೇ?

ನಮ್ಮ ಸುತ್ತಲಿನ ನಾಲ್ಕಾರು ಹಳ್ಳಿಗಳಲ್ಲಿ ಒಂದು ಮಾತು ಓಡಾಡುತ್ತಿದೆ. ನಮ್ಮ ಮನೆಯಲ್ಲಿ ಅಮೆರಿಕದಿಂದ ಬಂದ ಒಂದು ಮಷಿನ್ ಇದೆಯಂತೆ. ಅದನ್ನು ಟಿವಿಗೆ ಹಚ್ಚಿ ಕೈ ಬೀಸಿದರೆ ಲಕ್ವ ಹೊಡೆದ ಕೈ ವಾಪಸ್ ಬರುತ್ತದಂತೆ. ಸಂತೆಯಲ್ಲಿ ಸಿಕ್ಕವರು ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ನಂಬರ್ ಹುಡುಕಿ ಫೋನ್ ಮಾಡಿಯೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಎಲ್ಲರಿಗೂ ಒಂದೇ ಸಲ ಹೇಳೋಣ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮಷಿನ್ ಯಾವುದು ಎಂಬುದನ್ನು ಹೇಳುತ್ತೇವೆ. ಅದು ಔಷಧಿಯಲ್ಲ, ಆಸ್ಪತ್ರೆಯ ಸಾಮಾನೂ ಅಲ್ಲ. ಮಕ್ಕಳು ಆಡುವ ವಿಡಿಯೊ ಗೇಮ್. ಹೆಸರು ವೀ. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ ಇದನ್ನು 2006ರ ಕೊನೆಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು. ಈಗ ತಯಾರಿಕೆ ನಿಂತಿದೆ, ಹಳೆಯವು ಮಾತ್ರ ಕೈಯಿಂದ ಕೈಗೆ ಹೋಗುತ್ತಿವೆ.

ಅದಕ್ಕೂ ಮುಂಚಿನ ಗೇಮ್‌ಗಳಲ್ಲಿ ಎರಡೂ ಕೈಯಲ್ಲಿ ಹಿಡಿದು ಬೆರಳಿನಿಂದ ಗುಂಡಿ ಒತ್ತುತ್ತಾ ಕೂರಬೇಕಿತ್ತು. ಇದರಲ್ಲಿ ಹಾಗಿಲ್ಲ. ಟಿವಿ ರಿಮೋಟಿನಂಥ ಬಿಳಿ ರಿಮೋಟೊಂದು ಇರುತ್ತದೆ. ಅದನ್ನು ಹಿಡಿದು ಗಾಳಿಯಲ್ಲಿ ಕೈ ಬೀಸಿದರೆ, ಟಿವಿಯೊಳಗಿನ ಗೊಂಬೆ ಟೆನಿಸ್ ಬ್ಯಾಟ್ ಬೀಸುತ್ತದೆ. ಅಷ್ಟೇ ವಿಷಯ.

ಅದು ನಮ್ಮ ಮನೆಗೆ ಬಂದದ್ದು ದೊಡ್ಡವ್ವನ ಸಲುವಾಗಿ. 2023ರ ಚಳಿಗಾಲದಲ್ಲಿ ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಾ ಕೂತವಳ ಬಲಗೈ ಹಿಟ್ಟಿನ ಮೇಲೇ ಸೋತು ಬಿತ್ತು. ಬಾಯಿ ಒಂದು ಕಡೆ ವಾಲಿತು, ಮಾತು ತೊದಲಿತು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿದೆವು, ಜೀವ ಉಳಿಯಿತು. ಒಂದೂವರೆ ತಿಂಗಳಲ್ಲಿ ಕೋಲು ಹಿಡಿದು ನಡೆದಾಡಿದಳು. ಮಾತೂ ಬಹುಪಾಲು ಸರಿಹೋಯಿತು. ಆದರೆ ಬಲಗೈ ಮಾತ್ರ ಪಕ್ಕದಲ್ಲಿ ಜೋತುಬಿದ್ದೇ ಇತ್ತು. ನಲವತ್ತು ವರ್ಷ ದಿನಕ್ಕೆ ಮೂವತ್ತು ರೊಟ್ಟಿ ಬಡಿದ ಕೈ ಅದು. ಸೊಸೆ ತುತ್ತು ಮಾಡಿ ಬಾಯಿಗೆ ಇಡುವಾಗ ಆಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಫಿಸಿಯೋಥೆರಪಿ ಮಾಡುವವರು ಇರುವುದು ತಾಲ್ಲೂಕು ಕೇಂದ್ರದಲ್ಲಿ. ಹೋಗಿ ಬರಲು ಒಂದು ದಿನ ಬೇಕು. ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಉಳಿದ ದಿನ ಮನೆಯಲ್ಲೇ ಮಾಡಿಸಿ ಎಂದು ವ್ಯಾಯಾಮ ಬರೆದುಕೊಟ್ಟಿದ್ದರು. ಹತ್ತು ಸಲ ಎತ್ತು, ಹತ್ತು ಸಲ ಇಳಿಸು, ಮತ್ತೆ ಹತ್ತು ಸಲ. ಮೂರನೇ ದಿನಕ್ಕೆ ದೊಡ್ಡವ್ವ ಕೈಬಿಟ್ಟಳು. "ನಾ ಏನು ಸಾಲಿ ಹುಡುಗೇನು, ಎತ್ತು ಇಳಿಸು ಅನ್ನಾಕ?" ಅಂದಳು.

ಆಗ ಬೆಂಗಳೂರಿನಲ್ಲಿರುವ ಆಕೆಯ ಮಗಳು ಅಟ್ಟದಿಂದ ಈ ಗೇಮ್ ಇಳಿಸಿ ಕಳಿಸಿದಳು. ಅವರು ಕೆಲವು ವರ್ಷ ಅಮೆರಿಕದಲ್ಲಿದ್ದವರು. ಮಕ್ಕಳು ದೊಡ್ಡವರಾಗಿ ಅದು ಮೂಲೆ ಸೇರಿತ್ತು. ಅಲ್ಲಿನ ಆಸ್ಪತ್ರೆಗಳಲ್ಲಿ ಲಕ್ವ ಆದವರಿಗೆ ಇದನ್ನು ಆಡಿಸುತ್ತಾರೆ ಎಂದು ಎಲ್ಲೋ ಓದಿದ್ದಳಂತೆ.

ಡಬ್ಬ ಬಿಚ್ಚಿದ ಕೂಡಲೇ ಸ್ವಿಚ್ ಹಾಕಲಿಲ್ಲ. ಅಮೆರಿಕದ ಅಡಾಪ್ಟರ್ 120 ವೋಲ್ಟಿನದು, ನಮ್ಮ ಮನೆಯ ಕರೆಂಟು 230. ನೇರ ಚುಚ್ಚಿದ್ದರೆ ಅಲ್ಲೇ ಸುಡುತ್ತಿತ್ತು. ಟಿವಿ ರಿಪೇರಿ ಅಂಗಡಿಯವರು ಅಡಾಪ್ಟರಿನ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ಕೊಟ್ಟರು. ಕೆಂಪು, ಬಿಳಿ, ಹಳದಿ ವೈರು ನಮ್ಮ ಹಳೆಯ ಟಿವಿಗೆ ಸರಿಯಾಗಿ ಕೂತಿತು.

ಇನ್ನು ಆ ರಿಮೋಟಿಗೆ ನಮ್ಮ ಕೈ ಅಲ್ಲಾಡಿದ್ದು ಹೇಗೆ ಗೊತ್ತಾಗುತ್ತದೆ? ಇದನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭ.

ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ವಾಲುತ್ತಾರೆ. ಹೊರಟರೆ ಹಿಂದಕ್ಕೆ ವಾಲುತ್ತಾರೆ. ಕಣ್ಣು ಮುಚ್ಚಿಕೊಂಡು ನಿಂತಿದ್ದರೂ ಬಸ್ಸು ಏನು ಮಾಡಿತು ಎಂದು ಹೇಳಬಹುದು. ರಿಮೋಟಿನೊಳಗೆ ಕಾಳಿಗಿಂತ ಚಿಕ್ಕದಾದ ಒಂದು ಚಿಪ್ ಇದೆ. ಅದರೊಳಗೆ ಸ್ಪ್ರಿಂಗಿಗೆ ಕಟ್ಟಿದಂಥ ಒಂದು ಪುಟ್ಟ ತೂಕ ಇದೆ. ಕೈ ಬೀಸಿದರೆ ಆ ತೂಕ ಬಸ್ಸಿನ ಪ್ರಯಾಣಿಕನಂತೆ ಹಿಂದೆ ಮುಂದೆ ವಾಲುತ್ತದೆ. ಎಷ್ಟು ಜೋರಾಗಿ, ಯಾವ ಕಡೆ ವಾಲಿತು ಎಂಬುದನ್ನು ಮಷಿನ್ ಲೆಕ್ಕ ಹಾಕುತ್ತದೆ. ಇದಕ್ಕೆ ಅಕ್ಸೆಲೆರೋಮೀಟರ್ ಎನ್ನುತ್ತಾರೆ. ಈಗ ನೀವು ಇದನ್ನು ಓದುತ್ತಿರುವ ಫೋನಿನಲ್ಲೂ ಅದೇ ಬಗೆಯ ಚಿಪ್ ಇದೆ. ಫೋನ್ ಅಡ್ಡ ಹಿಡಿದರೆ ವಿಡಿಯೊ ಅಡ್ಡವಾಗುವುದು, ಕಾರಿನ ಗೇಮಿನಲ್ಲಿ ಫೋನ್ ಓರೆ ಮಾಡಿದರೆ ಕಾರು ತಿರುಗುವುದು, ಇವೆಲ್ಲ ಅದರ ಕೆಲಸ.

ರಿಮೋಟಿನ ಮೂತಿಯಲ್ಲಿ ಇನ್ನೊಂದು ಕಣ್ಣಿದೆ. ಟಿವಿ ಮೇಲೆ ಒಂದು ಉದ್ದ ಪಟ್ಟಿ ಇಡಬೇಕು. ಅದಕ್ಕೆ ಸೆನ್ಸಾರ್ ಬಾರ್ ಎಂದು ಹೆಸರಿದ್ದರೂ ಅದು ಏನನ್ನೂ ನೋಡುವುದಿಲ್ಲ. ಅದರ ಎರಡು ತುದಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿವೆ, ಅಷ್ಟೆ. ರಿಮೋಟ್ ಆ ಎರಡು ಬೆಳಕನ್ನು ನೋಡಿ ತಾನು ಪರದೆಯ ಯಾವ ಕಡೆ ಮುಖ ಮಾಡಿದ್ದೇನೆ ಎಂದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಇಲಿ ಆ ಪಟ್ಟಿಯ ವೈರು ಕಡಿದುಹಾಕಿತು. ಆಗ ಟಿವಿಯ ಎರಡು ಬದಿಗೆ ಎರಡು ಮೇಣದಬತ್ತಿ ಹಚ್ಚಿಟ್ಟೆವು, ಕೆಲಸ ನಡೆಯಿತು. ಬೆಂಕಿಯಲ್ಲೂ ಅದೇ ಕಾಣದ ಬೆಳಕಿದೆ. ನಂಬಿಕೆ ಬಾರದಿದ್ದರೆ ನಿಮ್ಮ ಟಿವಿ ರಿಮೋಟಿನ ತುದಿಯನ್ನು ಫೋನ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ, ಅದರಲ್ಲೂ ಸೆಲ್ಫಿ ಕ್ಯಾಮೆರಾದಲ್ಲಿ, ನೇರಳೆ ಬಣ್ಣದ ಮಿಣುಕು ಕಾಣುತ್ತದೆ.

ಆಡಿಸುವ ಮುಂಚೆ ಫಿಸಿಯೋ ಮಾಡುವ ಮೇಡಂ ಅವರನ್ನು ಕೇಳಿದೆವು. ಅವರು ಬೇಡ ಅನ್ನಲಿಲ್ಲ. ಮೂರು ಮಾತು ಹೇಳಿದರು. ನಿಲ್ಲಿಸಿ ಆಡಿಸಬೇಡಿ, ಕೈಯುಳ್ಳ ಕುರ್ಚಿಯಲ್ಲಿ ಕೂರಿಸಿ. ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಸಡಿಲವಾಗಿರುತ್ತದೆ. ಮೂರನೆಯದು, ಬೆನ್ನು ಕುರ್ಚಿಯಿಂದ ಏಳದಂತೆ ಎದೆಯ ಸುತ್ತ ಒಂದು ಟಾವೆಲ್ ಸಡಿಲಾಗಿ ಕಟ್ಟಿ. "ಇಲ್ಲಾಂದ್ರ ಮೈಯೆಲ್ಲಾ ತೂಗಿ ಆಡ್ತಾರ್ರೀ, ಕೈ ಇದ್ದಲ್ಲೇ ಇರ್ತೈತಿ. ಮಷಿನಿಗೆ ಅದು ತಿಳಿಯೂದಿಲ್ಲ" ಅಂದರು.

ದೊಡ್ಡವ್ವನ ಬೆರಳು ರಿಮೋಟನ್ನು ಹಿಡಿಯುತ್ತಿರಲಿಲ್ಲ. ಮೆತ್ತನೆಯ ಬಟ್ಟೆಯಿಂದ ಅಂಗೈಗೆ ಕಟ್ಟಿದೆವು, ಮಣಿಕಟ್ಟಿನ ದಾರವನ್ನೂ ಹಾಕಿದೆವು. ಆ ದಾರ ಮುಖ್ಯ. ಈ ಗೇಮ್ ಹೊಸದಾಗಿ ಬಂದಾಗ ಜನ ಬೀಸಿದ ಜೋರಿಗೆ ದಾರ ಹರಿದು ರಿಮೋಟ್ ಹಾರಿ ಹೋಗುತ್ತಿತ್ತು. ಕಂಪನಿಯೇ 2006ರ ಡಿಸೆಂಬರಿನಲ್ಲಿ ಸುಮಾರು 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಯಿತು.

ಡಿಸ್ಕಿನಲ್ಲಿ ಐದು ಆಟಗಳಿದ್ದವು: ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಬೌಲಿಂಗಿನಲ್ಲಿ ಅಡಿಯ ಗುಂಡಿ ಒತ್ತಿಹಿಡಿದು, ಕೈ ಬೀಸುವಾಗ ಸರಿಯಾದ ಹೊತ್ತಿಗೆ ಬಿಡಬೇಕು. ಲಕ್ವದ ಬೆರಳು ಮಡಚಿದರೆ ಬಿಚ್ಚುವುದೇ ಕಷ್ಟ, ಹಾಗಾಗಿ ಅದು ಆಗಲಿಲ್ಲ. ಟೆನಿಸ್ ಸುಲಭ. ಗೊಂಬೆ ತಾನೇ ಓಡುತ್ತದೆ, ನಾವು ಬೀಸಿದರೆ ಸಾಕು.

ಮೊದಲ ದಿನ ದೊಡ್ಡವ್ವ ಎರಡು ಸಲ ಬೀಸಿ ನಮ್ಮನ್ನೇ ಬೈದಳು. "ಚೆಂಡು ಎಲ್ಲೈತೋ? ಗಾಳಿಗೆ ಹೊಡಿ ಅಂತೀಯಲ್ಲ." ಮೂರನೇ ಸಲ ಚೆಂಡಿಗೆ ಏಟು ಬಿತ್ತು. ಏಟು ಬಿದ್ದಾಗ ಆ ರಿಮೋಟ್ ಟಕ್ ಅನ್ನುತ್ತದೆ, ಒಳಗೆ ಒಂದು ಸಣ್ಣ ಮೋಟಾರು ನಡುಗುತ್ತದೆ. ದೊಡ್ಡವ್ವ ಸುಮ್ಮನೆ ಕೂತಳು. ಆಮೇಲೆ ಎಡಗೈಯಿಂದ ಬಲಗೈಯನ್ನು ಮುಟ್ಟಿ ನೋಡಿಕೊಂಡಳು. "ಕೈಯಾಗ ಏನೋ ಜುಂ ಅಂತು" ಅಂದಳು. ಅವತ್ತು ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮಾರನೇ ದಿನ ಸಂಜೆ ಐದಕ್ಕೆ ತಾನೇ ಕುರ್ಚಿಯಲ್ಲಿ ಬಂದು ಕೂತಳು.

ಹಳ್ಳಿಯಲ್ಲಿ ಸುದ್ದಿ ಹಬ್ಬಿದ್ದು ಹೀಗೆ. ಸಂಜೆ ಓಣಿಯ ಮಕ್ಕಳೆಲ್ಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊಮ್ಮಗ ಎದುರಾಳಿ. ಅವನು ಮಂಚದ ಮೇಲೆ ಒರಗಿಕೊಂಡು ಮಣಿಕಟ್ಟು ಒಂದಿಷ್ಟು ಅಲ್ಲಾಡಿಸಿ ಗೆಲ್ಲುತ್ತಿದ್ದ. ಈ ಆಟದಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಚಿಪ್ಪಿಗೆ ಗೊತ್ತಾಗುವ ಝಟ್ಟನೆಯ ಅಲುಗಾಟ. ತೋಳು ಎಷ್ಟು ಮೇಲೆ ಹೋಯಿತು, ಮೊಣಕೈ ಬಿಚ್ಚಿತೋ ಇಲ್ಲವೋ, ಅದಕ್ಕೆ ಕಾಣುವುದಿಲ್ಲ. ಈ ಕೊರತೆ ತುಂಬಲು ಕಂಪನಿ 2009ರಲ್ಲಿ ಇನ್ನೊಂದು ಸೆನ್ಸಾರ್ ಸೇರಿಸಿದ ತುಣುಕನ್ನು ತಂದಿತು, ಆದರೆ ನಮ್ಮಲ್ಲಿದ್ದದ್ದು ಅದಕ್ಕೂ ಹಳೆಯದು.

ಮೇಡಂ ಹೇಳಿದ್ದು ಆಗ ಕಣ್ಣಿಗೆ ಕಂಡಿತು. ಟಾವೆಲ್ ಕಟ್ಟಿದರೆ ದೊಡ್ಡವ್ವ ಸೋಲುತ್ತಿದ್ದಳು. ಬಿಚ್ಚಿದರೆ ಸೊಂಟದಿಂದ ಮೈ ತೂಗಿ, ಜೋತುಬಿದ್ದ ಕೈಯನ್ನು ಹಗ್ಗದ ಹಾಗೆ ಎಸೆದು ಗೆಲ್ಲುತ್ತಿದ್ದಳು. ಟಿವಿ ಚಪ್ಪಾಳೆ ತಟ್ಟುತ್ತಿತ್ತು. "ಬಿಚ್ಚೋ ಇದನ್ನ, ಈ ಹುಡುಗನ್ನ ಒಮ್ಮೆ ಸೋಲಿಸಬೇಕು" ಎಂದು ದಿನಾ ಜಗಳ. ಗೇಮಿನ ಲೆಕ್ಕ ಬೇರೆ, ಕೈಯ ಲೆಕ್ಕ ಬೇರೆ.

ಅದಕ್ಕೆ ನಾವು ಕುರ್ಚಿಯ ಪಕ್ಕದ ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ಬೀಸುವಾಗ ಮೊಣಕೈ ಎಲ್ಲಿಯವರೆಗೆ ಏರಿತು ಎಂಬುದಕ್ಕೆ ಗುರುತು. ಟಿವಿಯ ಪಾಯಿಂಟ್ ಮೊಮ್ಮಗನಿಗೆ, ಗೋಡೆಯ ಪಾಯಿಂಟ್ ಆಯಿಗೆ. ಗೆರೆ ದಾಟಿದ ಪ್ರತಿ ಸಲಕ್ಕೆ ಒಂದು ಎಂದು ಎಣಿಸುತ್ತಿದ್ದೆವು. ಮೊದಲ ವಾರ ಗೆರೆ ಕುರ್ಚಿಯ ಕೈಗಿಂತ ನಾಲ್ಕು ಬೆರಳು ಮೇಲಿತ್ತು. ಮೂರು ತಿಂಗಳಿಗೆ ಎದೆಯ ಮಟ್ಟಕ್ಕೆ ಬಂತು. ಬೆರಳು ಅರ್ಧ ಬಿಚ್ಚಿದವು. ಎಡಗೈಯ ಆಸರೆಯಲ್ಲಿ ಚಹಾದ ಲೋಟ ಹಿಡಿದಳು.

ಇಷ್ಟು ನೋಡಿದವರು ಮಷಿನಿನಿಂದಲೇ ವಾಸಿಯಾಯಿತು ಎಂದರೆ ಅವರ ತಪ್ಪಲ್ಲ. ನಮಗೂ ಒಂದು ಸುದ್ದಿಮನೆಯಿಂದ ಫೋನ್ ಬಂತು. 'ವಿಡಿಯೊ ಗೇಮ್ ಆಡಿ ಲಕ್ವ ಗೆದ್ದ ಅಜ್ಜಿ' ಎಂದು ಹೆಡ್ಡಿಂಗ್ ಕೂಡ ಅವರೇ ಕೊಟ್ಟರು. ಫೋಟೊ ಜೊತೆ ಕಳಿಸಿದರೆ ಮುಖಪುಟ ಅಂದರು. ಸುದ್ದಿಯ ಲೆಕ್ಕದಲ್ಲಿ ದುಡ್ಡು ಎಣಿಸುವ ನಮ್ಮಂಥವರಿಗೆ ಮುಖಪುಟ ಸಣ್ಣ ಮಾತಲ್ಲ. ಅದೇ ವಾರ ರಾಣೆಬೆನ್ನೂರು ಕಡೆಯ ಒಬ್ಬರು ವಿಳಾಸ ಕೇಳಿಕೊಂಡು ಮನೆಗೆ ಬಂದಿದ್ದರು. ತಮ್ಮನಿಗೆ ಲಕ್ವ ಆಗಿ ನಾಲ್ಕು ತಿಂಗಳು. ಹಾಲು ಕೊಡುವ ಎಮ್ಮೆ ಮಾರಿಯಾದರೂ ಅಂಥದ್ದೊಂದು ತರಿಸುತ್ತೇನೆ, ಎಲ್ಲಿ ಸಿಗುತ್ತದೆ ಹೇಳಿ ಅಂದರು.

ಹೆಡ್ಡಿಂಗ್ ಓದಿ ಇನ್ನೆಷ್ಟು ಎಮ್ಮೆ ಮಾರಾಟವಾಗುತ್ತವೋ ಎಂದು ಯೋಚಿಸಿ, ಬರೆಯುವ ಮುಂಚೆ ಓದಲು ಕೂತೆವು.

ಓದಿದ್ದು ಇದು. ಕೆನಡಾದ ಟೊರಾಂಟೊ ನಗರದ ವೈದ್ಯರ ತಂಡವೊಂದು ಇದೇ ವೀ ಗೇಮನ್ನು ಲಕ್ವ ಆದವರಿಗೆ ಆಡಿಸಿ ನೋಡಿತ್ತು. 2010ರಲ್ಲಿ ಬಂದ ಮೊದಲ ವರದಿಯಲ್ಲಿ ಇದ್ದದ್ದು 22 ಜನ. ಗೇಮ್ ಆಡಿದವರ ಕೈ ಚುರುಕಾದಂತೆ ಕಂಡಿತು. ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಆ ವೈದ್ಯರು ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೂ ದೊಡ್ಡದಾಗಿ ಪರೀಕ್ಷೆ ಮಾಡಿದರು. ಕೆನಡಾ, ಅರ್ಜೆಂಟೀನಾ, ಪೆರು, ಥಾಯ್ಲೆಂಡ್ ದೇಶಗಳ 14 ಕೇಂದ್ರಗಳು, 141 ರೋಗಿಗಳು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇದ್ದೇ ಇತ್ತು. ಅದರ ಜೊತೆಗೆ ಒಂದು ಗುಂಪಿಗೆ ವೀ ಗೇಮ್, ಇನ್ನೊಂದು ಗುಂಪಿಗೆ ಇಸ್ಪೀಟು, ಚೆಂಡಾಟ, ಮರದ ತುಂಡು ಜೋಡಿಸುವಂಥ ಸಾದಾ ಆಟ. ಎರಡು ವಾರದಲ್ಲಿ ಒಂದೊಂದು ಗಂಟೆಯ ಹತ್ತು ಪಾಳಿ.

2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಎಂಬ ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರ ಕೈ ಸುಧಾರಿಸಿತ್ತು. ಗೇಮ್ ಆಡಿದವರು ಇಸ್ಪೀಟು ಆಡಿದವರಿಗಿಂತ ಮುಂದೆ ಹೋಗಿರಲಿಲ್ಲ.

ನಿಂಟೆಂಡೊ ಕಂಪನಿ 1889ರಲ್ಲಿ ಶುರುವಾದದ್ದೇ ಕೈಯಿಂದ ಮಾಡಿದ ಇಸ್ಪೀಟು ಎಲೆ ಮಾರಲು. ಅದನ್ನು ಓದಿ ನಮಗೆ ನಗು ಬಂತು.

ನಮ್ಮ ಮನೆಯಲ್ಲೂ ಇದು ಆಗಲೇ ಕಂಡಿತ್ತು. ಕರೆಂಟ್ ಇಲ್ಲದ ಸಂಜೆ ಮೇಡಂ ಹೇಳಿದ ಬೇರೆ ಕೆಲಸ ಮಾಡಿಸುತ್ತಿದ್ದೆವು. ಪರಾತದಲ್ಲಿ ಹಿಟ್ಟು ನಾದುವುದು. ಒದ್ದೆ ಬಟ್ಟೆ ಹಿಂಡುವುದು. ಶೇಂಗಾ ಸುಲಿಯುವುದು. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಒಂದೊಂದೇ ಎತ್ತಿ ಹಾಕುವುದು. ಗೋಡೆಯ ಗೆರೆ ಆ ವಾರಗಳಲ್ಲೂ ಏರುತ್ತಲೇ ಇತ್ತು. ಗೇಮ್ ಮಾಡಿದ ಉಪಕಾರ ಒಂದೇ: 'ಎತ್ತು ಇಳಿಸು' ಎಂದು ಬೇಸತ್ತವಳನ್ನು ದಿನಾ ಕುರ್ಚಿಗೆ ಕರೆತಂದಿತು. ಅದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕೈಯನ್ನು ಏರಿಸಿದ್ದು ದಿನಾ ನೂರು ಸಲ ಮಾಡಿದ ಅದೇ ಕೆಲಸ, ಎದುರಿಗೆ ಕೂತು ಎಣಿಸಿದ ಮೊಮ್ಮಗ, ದಾರಿ ತೋರಿಸಿದ ಫಿಸಿಯೋ ಮೇಡಂ.

ಸುದ್ದಿಮನೆಗೆ ಆ ಹೆಡ್ಡಿಂಗಿನ ಸುದ್ದಿ ಕಳಿಸಲಿಲ್ಲ. ಇಸ್ಪೀಟಿನ ವಿಷಯ ಸೇರಿಸಿ ಬರೆದುಕೊಡುತ್ತೇವೆ ಅಂದೆವು. ಅದರಲ್ಲಿ ಸುದ್ದಿ ಎಲ್ಲಿದೆ ಅಂದರು. ಅಲ್ಲಿಗೆ ಮುಗಿಯಿತು. ಆ ಅಣ್ಣನವರಿಗೆ ಟಾವೆಲ್ ಕಟ್ಟುವುದು, ಗೆರೆ ಎಳೆಯುವುದು ತೋರಿಸಿ ಕಳಿಸಿದೆವು.

ಫೋನ್ ಮಾಡುವವರೆಲ್ಲ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಮಷಿನ್ ಕೊಳ್ಳಬೇಕೇ? ಬೇಡ. ಮನೆಯಲ್ಲಿ ಇದ್ದರೆ ಆಡಿಸಿ, ಇಲ್ಲದಿದ್ದರೆ ಸಾಲ ಮಾಡಿ ತರಬೇಡಿ. ಆ ದುಡ್ಡು ಫಿಸಿಯೋಥೆರಪಿಗೆ ಹೋಗಿಬರುವ ಬಸ್ಸಿಗೆ ಇರಲಿ.

ಹೆಚ್ಚು ಆಡಿದಷ್ಟೂ ಒಳ್ಳೆಯದೇ? ಅಲ್ಲ. ಗಟ್ಟಿಮುಟ್ಟಾದವರಿಗೇ ಇದರಿಂದ ನೋವು ಬಂದದ್ದುಂಟು. ಸ್ಪೇನಿನ 29 ವರ್ಷದ ವೈದ್ಯರೊಬ್ಬರು ಗಂಟೆಗಟ್ಟಲೆ ಇದೇ ಟೆನಿಸ್ ಆಡಿ ಬಲಭುಜ ನೋಯಿಸಿಕೊಂಡದ್ದು 2007ರಲ್ಲಿ ವೈದ್ಯ ಪತ್ರಿಕೆಯಲ್ಲೇ ಅಚ್ಚಾಗಿದೆ. ಲಕ್ವದ ಭುಜ ಇನ್ನೂ ಸೂಕ್ಷ್ಮ. ನೋವು ಎಂದರೆ ನಿಲ್ಲಿಸಿ, ತೋರಿಸಿ.

ಎಷ್ಟು ದಿನದೊಳಗೆ ಶುರುಮಾಡಬೇಕು? ವೈದ್ಯರು ಸರಿ ಎಂದ ಕೂಡಲೇ. ಮೊದಲ ಕೆಲವು ತಿಂಗಳಲ್ಲಿ ಕೈಕಾಲು ಬೇಗ ಸುಧಾರಿಸುತ್ತವೆ. ಆಮೇಲೂ ಸುಧಾರಿಸುತ್ತವೆ, ನಿಧಾನವಾಗಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳುವುದಿಲ್ಲ, ನಾವೇ ಹೇಳುತ್ತೇವೆ. ಬಾಯಿ ವಾಲಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಶುರುವಾದ ಗಂಟೆ ನೆನಪಿಡಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆದ ಲಕ್ವವಾದರೆ, ಸ್ಕ್ಯಾನ್ ಮಾಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಪಾರಿವಾಳದ ರಕ್ತ ಹಚ್ಚಿಸುತ್ತಾ, ಎಣ್ಣೆ ತಿಕ್ಕಿಸುತ್ತಾ ಊರೂರು ತಿರುಗಿದರೆ ಆ ಸಮಯ ದಾರಿಯಲ್ಲೇ ಮುಗಿಯುತ್ತದೆ.

ದೊಡ್ಡವ್ವ ಈಗ ತನ್ನ ಊಟ ತಾನೇ ಮಾಡುತ್ತಾಳೆ, ಚಮಚದಲ್ಲಿ. ರೊಟ್ಟಿ ಬಡಿಯಲು ಆಗಿಲ್ಲ. ಆಗುತ್ತದೆ ಎಂದು ಮೇಡಂ ಹೇಳಿಲ್ಲ, ಆಗುವುದಿಲ್ಲ ಎಂದೂ ಹೇಳಿಲ್ಲ. ಗೇಮಿನ ಮೇಲೆ ಆಕೆಗೆ ಮನಸ್ಸು ಹೋಗಿದೆ. ಸಂಜೆ ಮೊಮ್ಮಗನ ಜೊತೆ ಅಳಗುಳಿ ಮಣೆ. ಅಲ್ಲೂ ಕಳ್ಳಾಟ ಆಡುತ್ತಾಳೆ. ಅವನು ಅತ್ತ ನೋಡಿದಾಗ ಅವನ ಗುಳಿಯಿಂದ ಒಂದು ಬೀಜ ಎತ್ತಿ ತನ್ನ ಗುಳಿಗೆ ಹಾಕಿಕೊಳ್ಳುತ್ತಾಳೆ, ಬಲಗೈಯಿಂದಲೇ. ನಾವು ನೋಡಿಯೂ ಸುಮ್ಮನಿರುತ್ತೇವೆ. ಆ ಕಳ್ಳತನಕ್ಕೆ ಬೆರಳು ಬಿಚ್ಚಲೇಬೇಕು.